ಬಸ್‌ಸ್ಟಾಪಿನ ದೊಡ್ಡ ಫೋಟೋ

“ನೋಡಿ, ನೋಡಿ! ಆ ಫೋಟೋದಲ್ಲಿರೋದು ನನ್ನ ಮೊಮ್ಮಗಳು!”

ಬಸ್‌ಸ್ಟಾಪಿನಲ್ಲಿ ಅಜ್ಜಿ ಯಾರಿಗೋ ಹೇಳುತ್ತಿದ್ದದ್ದು ರಸ್ತೆಯ ಆಚೆ ಬದಿಗೂ ಕೇಳಿಸಿತು. ಸ್ಕೂಲಿನಿಂದ ಬರುತ್ತಿದ್ದ ಗುಬ್ಬಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಓಡಿಬಂದು ಅಜ್ಜಿಯ ಕೈ ಎಳೆದಳು.

“ಅಜ್ಜೀ, ಬಾ, ಮನೆಗೆ ಹೋಗೋಣ.”

“ಇರೇ! ಇವಳೇ ನೋಡಿ. ಲೆಕ್ಕದಲ್ಲಿ ಎತ್ತಿದ ಕೈ. ನಿದ್ದೆಗಣ್ಣಲ್ಲೂ ಮಗ್ಗಿ ಹೇಳ್ತಾಳೆ. ಮೊನ್ನೆ ನಾನು ಜಾರಿ ಬಿದ್ದಾಗ ಎತ್ತಿ ಕೂರಿಸಿದೋಳೂ ಇವಳೇ.”

ಪಕ್ಕದಲ್ಲಿದ್ದ ಹೆಂಗಸು ಫೋಟೋ ನೋಡಿದಳು, ಗುಬ್ಬಿಯನ್ನು ನೋಡಿದಳು, ಬಂದ ಬಸ್ ಹತ್ತಿಬಿಟ್ಟಳು.

ಫೋಟೋ ಬಾಗಿಲಿಗಿಂತ ದೊಡ್ಡದು. ತೆಗೆದದ್ದು ಮಾಮನ ಸ್ಟುಡಿಯೋದಲ್ಲಿ. “ಆರೋಗ್ಯ ಇಲಾಖೆ ಪೋಸ್ಟರ್‌ಗೆ ಕಣೇ, ಮುಖ ಸ್ವಲ್ಪ ಸಪ್ಪಗಿರ್ಲಿ” ಎಂದಿದ್ದ ಮಾಮ. ಗುಬ್ಬಿ ಬಲು ಶ್ರದ್ಧೆಯಿಂದ ಸಪ್ಪಗೆ ಕೂತಿದ್ದಳು. ಕೆಳಗೆ ಏನು ಬರೆಯುತ್ತಾರೆ ಅಂತ ಮಾಮನಿಗೂ ಗೊತ್ತಿರಲಿಲ್ಲ. ಈಗ ಅಲ್ಲಿ ಕೆಂಪಕ್ಷರದಲ್ಲಿ ಹೀಗಿತ್ತು: ‘ದಪ್ಪ ಮಗು, ರೋಗದ ಗೂಡು. ನಿಮ್ಮ ಮಗು ಹೀಗಾಗದಿರಲಿ.’

ಕ್ಲಾಸಿನಲ್ಲಿ ಅವಳ ಹೆಸರೇ ‘ಪೋಸ್ಟರ್’ ಆಗಿಬಿಟ್ಟಿತ್ತು. ಇಂಥ ಪೋಸ್ಟರ್ ಹಾಕಿದ್ದು ಸರಿ, ತಪ್ಪು ಎಂದು ಪೇಪರಿನಲ್ಲಿ ಡಾಕ್ಟರುಗಳೂ ಕಿತ್ತಾಡಿದ್ದರು. ಮಾಮ ಇಲಾಖೆಗೆ ಹೋಗಿ ಗೋಗರೆದಿದ್ದ. ತಿಂಗಳು ಮುಗಿಯುವವರೆಗೆ ತೆಗೆಯುವುದಿಲ್ಲ ಅಂದರಂತೆ.

ಅಜ್ಜಿಗೆ ಓದಲು ಬಾರದು. ಅಷ್ಟರಮಟ್ಟಿಗೆ ಬಚಾವ್ ಅಂದುಕೊಂಡಿದ್ದಳು ಗುಬ್ಬಿ. ಏನೂ ಹೇಳಬೇಡಿ ಅಂತ ಮನೆಯವರೆಲ್ಲರಿಂದ ಪ್ರಾಮಿಸ್ ತಗೊಂಡಿದ್ದಳು. ಗೊತ್ತಾದರೆ ಅಜ್ಜಿ ಎಷ್ಟು ನೊಂದುಕೊಳ್ಳುತ್ತಾಳೋ! ಆದರೆ ಅಜ್ಜಿ ದಿನಾ ಸಂಜೆ ಇಲ್ಲೇ ಬಂದು ಕೂತರೆ ಎಷ್ಟು ದಿನ ಮುಚ್ಚಿಡಲಾದೀತು?

“ನಾಳೆಯಿಂದ ಇಲ್ಲಿಗೆ ಬರ್ಬೇಡ ಅಜ್ಜೀ.”

“ಯಾಕೆ? ನಿನ್ನ ಬಸ್‌ಸ್ಟಾಪಾ ಇದು?”

“ಅಲ್ಲಿ ಏನ್ ಬರ್ದಿದಾರೆ ಗೊತ್ತಾ ನಿಂಗೆ?”

ಮಾತು ಬಾಯಿಂದ ಜಾರಿಬಿಟ್ಟಿತ್ತು. ಗುಬ್ಬಿ ನಾಲಿಗೆ ಕಚ್ಚಿಕೊಂಡಳು.

“ಗೊತ್ತು,” ಅಂದಳು ಅಜ್ಜಿ. “ಹಾಕಿದ ದಿನಾನೇ ಹಣ್ಣಿನಂಗಡಿಯವಳು ಓದಿ ಹೇಳಿದ್ಲು.”

ಗುಬ್ಬಿ ಬೆಂಚಿನ ಮೇಲೆ ಕುಸಿದಳು. “ಗೊತ್ತಿದ್ದೂ ಬರ್ತೀಯಾ? ಎಲ್ರಿಗೂ ತೋರಿಸ್ತೀಯಾ?”

“ಇನ್ನೇನ್ ಮಾಡ್ಲಿ? ಬರೋರೆಲ್ಲ ಅದನ್ನ ಓದ್ಕೊಂಡು ಹೋಗ್ಬಿಡ್ತಾರೆ. ಆ ಎರಡು ಸಾಲಲ್ಲಿ ನೀನು ಎಲ್ಲಿದ್ದೀಯ ಹೇಳು? ನಿನ್ನ ವಿಷಯ ಅವರಿಗೆ ಯಾರು ಹೇಳ್ತಾರೆ?”

ಅಜ್ಜಿಯ ದನಿ ನಡುಗಿತು. “ಹಾಳು ಧೂಳು,” ಎಂದು ಗೊಣಗುತ್ತಾ ಕಣ್ಣೊರೆಸಿಕೊಂಡಳು.

ಧೂಳೇನೂ ಇರಲಿಲ್ಲ. ಗುಬ್ಬಿ ಅಜ್ಜಿಯಿಂದ ಮುಚ್ಚಿಡಬೇಕೆಂದಿದ್ದ ನೋವನ್ನು ಅಜ್ಜಿ ಆಗಲೇ ನುಂಗಿಕೊಂಡಿದ್ದಳು. ಮಂಡಿನೋವಿನ ಕಾಲು ಎಳೆದುಕೊಂಡು ದಿನಾ ಇಷ್ಟು ದೂರ ಬಂದು, ಕಂಡಕಂಡವರ ಹತ್ತಿರ ಮೊಮ್ಮಗಳ ಪರವಾಗಿ ಮಾತಾಡುತ್ತಿದ್ದಳು. ಗುಬ್ಬಿ ಅಜ್ಜಿಯ ತೋಳಿಗೆ ಒರಗಿ ಕೂತಳು.

“ನಡಿ, ನಡಿ, ಹಸಿವಾಗಿರತ್ತೆ ನಿಂಗೆ,” ಎಂದು ಅಜ್ಜಿ ಎದ್ದು ನಿಂತಳು.

ಗುಬ್ಬಿ ಏಳಲಿಲ್ಲ. ಬ್ಯಾಗನ್ನು ಪಕ್ಕಕ್ಕಿಟ್ಟು ಅಜ್ಜಿಗೆ ಜಾಗ ಮಾಡಿದಳು.

“ಇನ್ನೊಂದು ಬಸ್ ಬರ್ಲಿ ಅಜ್ಜೀ, ಆಮೇಲೆ ಹೋಗೋಣ.”