ಇಂದಿರಮ್ಮನವರ ಕುರ್ಚಿಯಿಂದ ಕಳಚಿದ ಚಕ್ರ

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಕೆಳಮನೆಯಿಂದ ಎದ್ದ ಚೀರಾಟಕ್ಕೆ ನನ್ನ ಕೈಯ ಚಹಾದ ಲೋಟ ಜಾರಿ ಬಿತ್ತು. ಉಟ್ಟ ಲುಂಗಿಯಲ್ಲೇ ಮೆಟ್ಟಿಲಿಳಿದು ಓಡಿದೆ. ಇಂದಿರಮ್ಮನವರು ಬಚ್ಚಲುಮನೆಯಲ್ಲಿ ಬೋರಲು ಬಿದ್ದಿದ್ದರು. ನೀರು ತುಂಬಿಡುವ ಸಿಮೆಂಟು ತೊಟ್ಟಿಯ ಅಂಚು ಬಡಿದು ಹಣೆ ಒಡೆದಿತ್ತು. ಅವರ ಮರದ ಗಾಲಿಕುರ್ಚಿ ಎಡಕ್ಕೆ ವಾಲಿ ಅವರ ಬೆನ್ನ ಮೇಲೆಯೇ ಬಿದ್ದಿತ್ತು. ಅದರ ಮುಂದಿನ ಎಡಗಾಲಿನ ಚಕ್ರ ಕಳಚಿ, ಹೊಸ್ತಿಲಿನ ಹೊರಗೆ, ಪ್ಯಾಸೇಜಿನ ಕೆಂಪು ನೆಲದ ಮೇಲೆ ಉರುಳಿತ್ತು.

ಚೀರಿದವಳು ಆಯಾ ಶೆಫಾಲಿ. ನಾಲ್ಕು ವರ್ಷದಿಂದ ಇಂದಿರಮ್ಮನವರನ್ನು ನೋಡಿಕೊಳ್ಳುತ್ತಿದ್ದ ಐವತ್ತರ ಹೆಂಗಸು. ಬಿಸಿನೀರಿನ ಬಕೆಟ್ಟು ಅವಳ ಕಾಲ ಮೇಲೆ ಚೆಲ್ಲಿ ಪಾದ ಬೆಂದಿತ್ತು, ಅದರ ಕಡೆ ಅವಳಿಗೆ ಗಮನವೇ ಇರಲಿಲ್ಲ. ಇಂದಿರಮ್ಮನವರ ಮಗ ಜೀವನ್ ಅರ್ಧ ಮುಖಕ್ಕೆ ಶೇವಿಂಗ್ ನೊರೆ ಹಚ್ಚಿಕೊಂಡೇ ಬಂದ. ತಾಯಿಯ ನಾಡಿ ಹಿಡಿದು ನೋಡಿದ. ಎದ್ದವನೇ ಶೆಫಾಲಿಯ ಕೆನ್ನೆಗೆ ಎರಡು ಬಾರಿಸಿದ. ಹೆಬ್ಬೆರಳಿಗೆ ಪಟ್ಟಿ ಸುತ್ತಿದ್ದ ಕೈ ಅದು.

"ತಡವಾಗಿ ಬಂದು, ಅವಸರದಲ್ಲಿ ಕುರ್ಚಿ ಒಳಗೆ ನೂಕಿ, ನಮ್ಮಮ್ಮನ್ನ ಕೊಂದುಬಿಟ್ಯಲ್ಲೇ!" ಎಂದು ಹಿಂದಿಯಲ್ಲಿ ಕೂಗಿದ.

ಸುಳ್ಳು ಯಾಕೆ ಹೇಳಲಿ, ನಾನೂ ಅವಳಿಗೆ ಬಾಯಿಗೆ ಬಂದಂತೆ ಬೈದೆ. "ಕಣ್ಣು ಎಲ್ಲಿಟ್ಟಿದ್ದಿ?" ಅಂದೆ. ಆ ಮಾತು ಇವತ್ತಿಗೂ ನನ್ನನ್ನು ಕುಟುಕುತ್ತದೆ. ನನ್ನ ಬಾಯಿಗೆ ಬೆಂಕಿ ಹಾಕ.

ಜೀವನ್‌ನ ಹೆಂಡತಿ ನಿಕಿತಾ ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದವಳು ಓಡಿಬಂದಳು. ಇಂದಿರಮ್ಮನವರ ತಂಗಿಯ ಮಗ ಅಜಯ ಮುಂಗೋಣೆಯಿಂದ ಫೋನು ಕಿವಿಗಿಟ್ಟುಕೊಂಡೇ ಬಂದ. ಊರ ಹೊರಗೆ ಜೋಕಾದ ಕಡೆ ಯಂತ್ರಗಳ ರಿಪೇರಿ ಕೆಲಸ ಅವನದು, ಇವರ ಮನೆಯಲ್ಲೇ ಇದ್ದ. ಕಡೆಗೆ, ಎದುರುಮನೆಯಿಂದ ದೊಡ್ಡಯ್ಯನವರು ನಿಧಾನವಾಗಿ ಬಂದರು.

ದೊಡ್ಡಯ್ಯನವರ ವಿಷಯ ಒಂದೆರಡು ಮಾತು ಹೇಳಬೇಕು. ರೈಲ್ವೆ ಬೋಗಿ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು. ಬಂಗಾಳದ ಈ ಟಾಲಿಗಂಜಿನ ಕನ್ನಡದವರ ಮನೆಗಳಲ್ಲಿ ಏನಾದರೂ ಕಳೆದರೆ, ಯಾರಾದರೂ ಓಡಿಹೋದರೆ, ಪೊಲೀಸರಿಗಿಂತ ಮೊದಲು ಇವರಿಗೇ ಹೇಳುವುದು. ನಾನು ಶರಣಪ್ಪ, ಧಾರವಾಡದವನು, ಹತ್ತು ವರ್ಷದಿಂದ ಅವರ ಬೆನ್ನಿಗೆ ಅಂಟಿಕೊಂಡವನು. ಇನ್ನೊಂದು ಮಾತು: ಆ ಕುರ್ಚಿಯನ್ನು ಇಂದಿರಮ್ಮನವರಿಗೆ ಕೈಯಾರೆ ಮಾಡಿಕೊಟ್ಟವರೇ ದೊಡ್ಡಯ್ಯ.

ಅವರು ಹೆಣಕ್ಕೆ ಕೈ ಮುಗಿದರು. ಬಿದ್ದ ಚಕ್ರ ನೋಡಿದರು, ಕುರ್ಚಿಯ ಕಾಲಿನ ತೂತಿಗೆ ಕಿರುಬೆರಳು ಹಾಕಿ ನೋಡಿದರು. ಆಮೇಲೆ ಕನ್ನಡಕ ಏರಿಸಿ ಬಚ್ಚಲ ಹೊಸ್ತಿಲನ್ನೇ ತುಂಬಾ ಹೊತ್ತು ನೋಡಿದರು. ನಾಲ್ಕು ಇಂಚು ಎತ್ತರದ ಹೊಸ್ತಿಲು, ಸುಣ್ಣ ಬಳಿದದ್ದು. ನಡುವೆ ಒಂದೇ ಒಂದು ಹೊಸ ಗೀರು ಇತ್ತು. ಹೊಸ್ತಿಲಿನ ಈಚೆ, ಪ್ಯಾಸೇಜಿನ ಕೆಂಪು ಗಾರೆಯಲ್ಲಿ ಮಾತ್ರ ನಾಲ್ಕು ಚಕ್ರ ನಿಂತು ನಿಂತು ಸವೆದ ನಾಲ್ಕು ಗುಂಡಿಗಳಿದ್ದವು.

ಇನ್‌ಸ್ಪೆಕ್ಟರ್ ರಂಜಿತ್ ಬಾಬು ಬಂದರು. ಹಳೇ ಕುರ್ಚಿ, ಬೇಜವಾಬ್ದಾರಿ ಆಯಾ, ಹತ್ತು ನಿಮಿಷದಲ್ಲಿ ಬರೆದು ಮುಗಿಸಿದರು. ಶೆಫಾಲಿ ಅತ್ತು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸುಟ್ಟ ಕಾಲಿಗೆ ಒಂದು ಬಟ್ಟೆ ಕೂಡ ಸುತ್ತಿಕೊಳ್ಳಲು ಬಿಡದೆ ಜೀಪು ಹತ್ತಿಸಿದರು.

ಅಂದು ಮಧ್ಯಾಹ್ನ ದೊಡ್ಡಯ್ಯ ತಮ್ಮ ಡಬ್ಬಿಯಿಂದ ಒಂದು ಹೊಸ ಚಕ್ರ ತೆಗೆದು ನನ್ನ ಮುಂದೆ ಇಟ್ಟರು.

"ನೋಡ್ರಿ ಶರಣಪ್ಪನೋರೆ. ಕುರ್ಚಿ ಕಾಲಿಗೆ ತೂತು ಕೊರ್ದು, ಒಳಗೆ ಈ ಕಬ್ಬಿಣದ ಕೊಳವೆ ಬಡೀತೀನಿ. ಅದರ ಬಾಯಿಗೆ ಹಲ್ಲಿವೆ, ಮರ ಕಚ್ಕತದೆ. ಚಕ್ರದ ಕಡ್ಡೀಲಿ ಈ ಕಚ್ಚು ಐತಲ್ಲ, ಅದರೊಳಗೆ ಸ್ಪ್ರಿಂಗಿನ ಉಂಗುರ. ಕಡ್ಡಿ ಕೊಳವೆಗೆ ಒತ್ತಿದ್ರೆ ಉಂಗುರ ಮುದುರ್ಕಂಡು ಒಳಗೋಯ್ತದೆ, ಒಳಗೋಗಿ ಅಗಲಾಯ್ತದೆ. ಟಕ್ ಅಂತದೆ. ಆಮೇಲೆ ಕುರ್ಚಿ ತಲೆ ಮೇಲೆ ಎತ್ಕಂಡು ಕುಣುದ್ರೂ ಚಕ್ರ ಬೀಳಾಕಿಲ್ಲ."

"ಮತ್ತ ಬಿದ್ದದ್ದು ಹೆಂಗ್ರೀ?"

"ಬಿದ್ದ ಚಕ್ರದಲ್ಲಿ ಉಂಗುರ ಇಲ್ಲ. ಉಂಗುರ ಇಲ್ದಿದ್ರೂ ಚಕ್ರ ನೆಲದ ಮೇಲೆ ಚೆನ್ನಾಗೇ ಉರುಳ್ತದೆ, ಯಾರ್ಗೂ ಗೊತ್ತಾಗಲ್ಲ. ಕುರ್ಚಿ ಎತ್ತಿದ್ರೆ ಮಾತ್ರ ಕಳಚ್ಕತದೆ. ಆ ಮನೇಲಿ ಹೊಸ್ತಿಲಿರೋದು ಬಚ್ಚಲಿಗೊಂದೇ."

ನನಗೆ ಥಟ್ಟನೆ ನೆನಪಾಯಿತು. ಭಾನುವಾರದ ಮಳೆಗೆ ಬೀದಿ ನೀರು ಕೆಳಮನೆಗೆ ನುಗ್ಗಿದಾಗ, ಇಟ್ಟಿಗೆ ಕೊಟ್ಟು ಎತ್ತರಿಸಿದ ಮಂಚದ ಮೇಲೆ ಇಂದಿರಮ್ಮನವರನ್ನು ಕೂರಿಸಿ, ಅವರ ಕುರ್ಚಿಯನ್ನು ನಾನೂ ಅಜಯನೂ ಎತ್ತಿ ಮೇಜಿನ ಮೇಲೆ ಇಟ್ಟಿದ್ದೆವು. ನಾಲ್ಕು ಚಕ್ರಗಳೂ ಗಾಳಿಯಲ್ಲಿ ಗಿರಗಿರನೆ ತಿರುಗಿದ್ದವು. ಒಂದೂ ಬಿದ್ದಿರಲಿಲ್ಲ.

"ಹಂಗಾದ್ರ ಭಾನುವಾರದ ಮ್ಯಾಲ ಯಾರೋ ತೆಗೆದಾರ!" ಎಂದೆ. "ಶೆಫಾಲಿ ಸೋಮವಾರ ಬಂದಿಲ್ರೀ, ರೈಲಿನ ಹಳಿ ಮ್ಯಾಲ ನೀರು ನಿಂತಿತ್ತು. ಮಂಗಳವಾರ ಬರೂದ್ರಾಗ ನಿಕಿತಾ ಅತ್ತೀನ ಕುರ್ಚ್ಯಾಗ ಕುಂದರ್ಸಿ ಆಗಿತ್ತು."

"ಖಾಲಿ ಕುರ್ಚಿ ಬೋರಲು ಹಾಕಿ ಚಕ್ರ ಮೀಟ್ದೆ ಉಂಗುರ ಬಿಚ್ಚಾಕಾಗಲ್ಲ," ಎಂದರು ದೊಡ್ಡಯ್ಯ. "ನಡೀರಿ, ಠಾಣೆಗೆ."

ಠಾಣೆಯಲ್ಲಿ ಶೆಫಾಲಿಯ ಕಾಲು ಊದಿಕೊಂಡಿತ್ತು. ಇಂದಿರಮ್ಮನವರನ್ನು ಮಾಸಿಮಾ, ಚಿಕ್ಕಮ್ಮ, ಎಂದೇ ಕರೆಯುತ್ತಿದ್ದ ಅವಳು ಹಿಂದಿಯಲ್ಲಿ ಹೇಳಿದ್ದು ಇಷ್ಟೇ: "ಮಾಸಿಮಾನ ಬಚ್ಚಲ ಬಾಗಿಲಲ್ಲಿ ಬಿಟ್ಟು ಬಿಸಿನೀರು ತರಲು ಹೋದೆ. ಅಡುಗೆಮನೆಗೆ ಅವರ ದನಿ ಕೇಳಿಸುತ್ತಿತ್ತು. ನಿಮ್ಮ ಭಾಷೆಯಲ್ಲಿ ಮಾತಾಡುತ್ತಿದ್ದರು, ಖುಷಿಯಾಗಿ. ಆಮೇಲೆ ಧಡ್ ಅಂತ ಸದ್ದು."

ದೊಡ್ಡಯ್ಯ ಅವಳನ್ನು ಇನ್ನೊಂದು ಪ್ರಶ್ನೆ ಕೇಳಿದರು. ಉತ್ತರ ಕೇಳಿ ಕಣ್ಣು ಮುಚ್ಚಿ ಕೂತರು. ಬಂಗಾಳಿಯಲ್ಲಿ, ಗುಟ್ಟಾಗಿ ಕೇಳಿದ್ದು, ನನಗೆ ತಿಳಿಯಲಿಲ್ಲ. ಹೊರಗೆ ಬಂದ ಮೇಲೂ ಹೇಳಲಿಲ್ಲ. ಇವರ ಈ ಬುದ್ಧಿಗೆ ನನಗೆ ಮೈಯೆಲ್ಲಾ ಉರಿಯುತ್ತದೆ.

"ಅಜಯನ ಚೀಲದ ತುಂಬ ಸ್ಕ್ರೂಡ್ರೈವರ್ ಅದಾವ್ರೀ," ಎಂದೆ. "ಆ ನಿಕಿತಾನೂ ಕಣ್ಣಾಗ ಹನಿ ನೀರು ಹಾಕಿಲ್ಲ. ಜೀವನ್ ಒಬ್ಬ ಪಾಪ, ಶ್ರವಣಕುಮಾರ."

ಶ್ರವಣಕುಮಾರ ಎಂದು ಅವನನ್ನು ಮೊದಲು ಕರೆದವನೂ ನಾನೇ. ಹೋದ ರಾಜ್ಯೋತ್ಸವದಲ್ಲಿ ನಮ್ಮ ಕನ್ನಡ ಬಳಗದಿಂದ ಅವನಿಗೆ ಶಾಲು ಹೊದಿಸಿ, ಕಾಲು ಸೋತ ತಾಯಿಗಾಗಿ ಎರಡು ಬಡ್ತಿ ಬಿಟ್ಟ ಮಗ ಎಂದು ಭಾಷಣ ಬಿಗಿದಿದ್ದೆ. ಸಭೆಯೆಲ್ಲ ಚಪ್ಪಾಳೆ ಹೊಡೆದಿತ್ತು.

ಶನಿವಾರ ಹನ್ನೊಂದಕ್ಕೆ ರಂಜಿತ್ ಬಾಬು ಶೆಫಾಲಿಯನ್ನು ಕರೆತಂದರು. ದೊಡ್ಡಯ್ಯ ಎಲ್ಲರನ್ನೂ ಮುಂಗೋಣೆಯಲ್ಲಿ ಕೂರಿಸಿ ಬಾಗಿಲು ಹಾಕಿಸಿ, ನನ್ನನ್ನು ಆ ಕುರ್ಚಿಯಲ್ಲಿ ಕೂರಿಸಿದರು.

"ನೀವೀಗ ಇಂದಿರಮ್ಮ. ಬಾಯಿ ಬಿಡಬ್ಯಾಡಿ."

"ಉಂಗುರ ಹಾಕೀರಿ ಹೌದಲ್ಲೋ?"

"ಹಾಕಿವ್ನಿ, ಕೂತ್ಕಳ್ರಿ."

ಒಬ್ಬೊಬ್ಬರನ್ನೇ ಕರೆದರು. ಎಲ್ಲರಿಗೂ ಒಂದೇ ಮಾತು: "ದಿನಾ ಇಂದಿರಮ್ಮನ್ನ ಸ್ನಾನಕ್ಕೆ ಹೆಂಗೆ ಕರ್ಕಂಡೋಯ್ತಿದ್ರೋ, ಹಂಗೇ ಕರ್ಕಂಡೋಗಿ." ರಂಜಿತ್ ಬಾಬು ಗೋಡೆಗೆ ಒರಗಿ ನಿಂತು ನೋಡಿದರು.

ಶೆಫಾಲಿ ಕುರ್ಚಿಯನ್ನು ಬಾಗಿಲಿಗೆ ತಂದು ನಿಲ್ಲಿಸಿದಳು. ಚಕ್ರಗಳು ಆ ಸವೆದ ಗುಂಡಿಗಳಲ್ಲಿ ಕೂತವು. ಎದುರು ಬಂದು, ನನ್ನ ಕೈಗಳನ್ನು ತನ್ನ ಕೊರಳಿಗೆ ಹಾಕಿಕೊಂಡು, ತಬ್ಬಿ ಎಬ್ಬಿಸಿ, ಒಂದೊಂದೇ ಹೆಜ್ಜೆ ಹೊಸ್ತಿಲು ದಾಟಿಸಿದಳು. ಕುರ್ಚಿ ಹೊರಗೇ ಉಳಿಯಿತು. ನಿಕಿತಾ ಬಂದಳು, ಅದನ್ನೇ ಮಾಡಿದಳು. ಶೆಫಾಲಿಯ ರಜೆಯ ಭಾನುವಾರಗಳಲ್ಲಿ ದೊಡ್ಡಮ್ಮನನ್ನು ನೋಡಿಕೊಳ್ಳುತ್ತಿದ್ದ ಅಜಯ ಬಂದ, ಅವನೂ ಅದನ್ನೇ ಮಾಡಿದ.

ಕೊನೆಗೆ ಜೀವನ್ ಬಂದ. ಕುರ್ಚಿಯನ್ನು ಸೀದಾ ಹೊಸ್ತಿಲಿಗೆ ತಂದ. ಹಿಂದಿನಿಂದ ಬೆನ್ನುಪಟ್ಟಿಯನ್ನು ಕೆಳಕ್ಕೆ ಒತ್ತಿದ. ನನ್ನ ಕಾಲುಗಳು ಗಾಳಿಗೆ ಎದ್ದವು. ಮುಂದಿನ ಚಕ್ರಗಳನ್ನು ಹೊಸ್ತಿಲಾಚೆಗೆ ದಾಟಿಸಿ ಇಳಿಸತೊಡಗಿದ. ತೊಟ್ಟಿಯ ಅಂಚು ನನ್ನ ಮುಖಕ್ಕೇ ಬಂದಂತಾಯಿತು. ಅಯ್ಯಯ್ಯೋ ಎಂದು ಕೂಗಿಬಿಟ್ಟೆ. ರಂಜಿತ್ ಬಾಬು ಕುರ್ಚಿ ಹಿಡಿದುಕೊಂಡರು.

ಎಲ್ಲರೂ ಮುಂಗೋಣೆಗೆ ವಾಪಸು ಬಂದೆವು. ದೊಡ್ಡಯ್ಯ ನಿಂತೇ, ರಂಜಿತ್ ಬಾಬುಗೂ ಶೆಫಾಲಿಗೂ ನಡುನಡುವೆ ಬಂಗಾಳಿಯಲ್ಲಿ ತಿಳಿಸುತ್ತಾ, ಮಾತಾಡಿದರು.

"ಹೊಸ್ತಿಲ ಮೇಲೆ ಇದ್ದಿದ್ದು ಒಂದೇ ಗೀರು. ನಾಕು ವರ್ಸ ದಿನಾ ದಾಟಿದ್ರೆ ಸುಣ್ಣ ಉಳೀತಿತ್ತಾ? ಕುರ್ಚಿ ಒಳಗೋಗಿದ್ದೇ ಅವತ್ತೊಂದಿನ. ಈ ಮಾತ್ನೇ ನಾನು ಠಾಣೇಲಿ ಶೆಫಾಲೀನ ಕೇಳಿದ್ದು. ಅಮ್ಮಾವ್ರು ನಾಕು ಹೆಜ್ಜೆ ನಡೀತಿದ್ರು ಅಂದ್ಲು. ಉಂಗುರ ಬಿಚ್ಚಿದೋನು, ಹೊಸ್ತಿಲಲ್ಲಿ ಆಯಾ ಕುರ್ಚಿ ಎತ್ತತಾಳೆ, ಚಕ್ರ ಕಳಚ್ಕತದೆ, ತಪ್ಪು ಅವಳ ತಲೇಗೆ ಬತ್ತದೆ ಅಂತ ಲೆಕ್ಕ ಹಾಕ್ದ. ಅಂದ್ರೆ ಕುರ್ಚಿ ಒಳಗೋಗಲ್ಲ ಅನ್ನೋದೇ ಅವನಿಗೆ ಗೊತ್ತಿರ್ಲಿಲ್ಲ. ಈ ಮನೇಲಿ ಅದು ಗೊತ್ತಿಲ್ದೆ ಇದ್ದೋರು ಒಬ್ರೇ."

ದೊಡ್ಡಯ್ಯ ಜೀವನ್ ಕಡೆ ತಿರುಗಿದರು.

"ಸೋಮವಾರ ಶೆಫಾಲಿ ಇರ್ಲಿಲ್ಲ, ನಿಕಿತಮ್ಮ ಬಾಗಿಲಲ್ಲೇ ನಿಲ್ಸಿದ್ರು. ಏನೂ ಆಗ್ಲಿಲ್ಲ. ಮಂಗಳವಾರ ಶೆಫಾಲಿ ನೀರಿಗೆ ಹೋದ್ಲು, ಏನೂ ಆಗ್ಲಿಲ್ಲ. ಜೀವನ್, ನಿನಗೆ ಕಾಯಾಕೆ ತಾಳ್ಮೆ ಸಾಲ್ಲಿಲ್ಲ. ನೊರೆ ಮುಖದಲ್ಲೇ ಬಂದು ನೀನೇ ನೂಕಿದೆ. ಅಮ್ಮಾವ್ರು ಕನ್ನಡದಲ್ಲಿ ಖುಷಿಯಾಗಿ ಮಾತಾಡಿದ್ದು ನಿನ್ ಜೊತೆ. ಆ ಹೆಬ್ಬೆರಳಿಗೆ ಏನಾಯ್ತು?"

"ಸೇಬು ಹೆಚ್ತಾ..." ಎಂದ ಜೀವನ್.

ದೊಡ್ಡಯ್ಯ ತಮ್ಮ ಹೆಬ್ಬೆರಳು ತೋರಿಸಿದರು. ಉಗುರಿನ ಪಕ್ಕ ಬಿಳಿ ಗಾಯದ ಗುರುತುಗಳಿದ್ದವು. "ಆ ಉಂಗುರ ಮೊದಲ್ನೇ ಸಲ ಬಿಚ್ಚೋರ್ಗೆಲ್ಲ ಇಲ್ಲೇ ಕೊಯ್ತದೆ. ಅಜಯ ಬಿಚ್ಚಿದ್ರೆ ಕೊಯ್ತಿರ್ಲಿಲ್ಲ, ಅವನ ಹತ್ರ ಅದಕ್ಕೆ ಇಕ್ಕಳ ಐತೆ. ಪಟ್ಟಿ ಬಿಚ್ಚಪ್ಪಾ, ನೋಡಾನ."

ಅವನು ಬಿಚ್ಚಲಿಲ್ಲ. ನಿಕಿತಾ ಬಿಚ್ಚಿದಳು. ಗಾಯ ಅರ್ಧ ಚಂದ್ರದ ಹಾಗೆ ಬಾಗಿತ್ತು. ಅವಳು ಗಂಡನ ಕೈಯನ್ನು ಕೆಳಗೆ ಬಿಟ್ಟಳು. "ಕುರ್ಚಿ ಒಳಗೆ ಹೇಗೆ ಹೋಯ್ತು ಅಂತ ನನಗೂ ಅನ್ನಿಸಿತ್ತು," ಎಂದಳು. "ಲೇಟಾಯ್ತಲ್ಲ, ಅವಸರಕ್ಕೆ ನೂಕಿದ್ಲು ಅಂತ ನೀವೇ ಹೇಳಿದ್ರಿ. ನಾನು ನಂಬ್ದೆ. ಪೊಲೀಸರ ಹತ್ರ ಅದನ್ನೇ ಹೇಳ್ದೆ."

"ಒಂದನೇ ತಾರೀಖು ದೆಹಲಿಗೆ ಸೇರ್ಬೇಕಿತ್ತು," ಎಂದ ಜೀವನ್. ದನಿ ಸಮಾಧಾನವಾಗಿತ್ತು, ಅದೇ ನನಗೆ ಹೆಚ್ಚು ಹೇಸಿಗೆ ತಂದಿತು. "ಮೂರನೇ ಸಲ ಬಿಟ್ರೆ ಮತ್ತೆ ಬಡ್ತಿ ಸಿಗ್ತಿರ್ಲಿಲ್ಲ. ಅಮ್ಮ ಅಷ್ಟು ದೂರ ಪ್ರಯಾಣ ಮಾಡೋ ಹಾಗಿಲ್ಲ ಅಂದ್ರು ಡಾಕ್ಟ್ರು."

"ವೃದ್ಧಾಶ್ರಮ ಇದ್ವಲ್ಲೋ!" ನಾನು ಅರಚಿದೆ. "ಸಾಯಿಸೂಕಿಂತ ಅದು ಲೇಸಿತ್ತಲ್ಲೋ, ಪಾಪಿ!"

ಅವನು ನನ್ನನ್ನು ನೆಟ್ಟಗೆ ನೋಡಿದ. "ಆಶ್ರಮಕ್ಕೆ ಹಾಕಿದ್ರೆ ನೀವೇ ಮೊದಲು ಉಗೀತಿದ್ರಿ, ಶರಣಪ್ಪ ಅಂಕಲ್. ಶಾಲು ಹೊದಿಸಿದೋರು."

ಅವನು ಹೇಳಿದ್ದು ನಿಜವಾಗಿತ್ತು. ಖಂಡಿತ ಉಗಿಯುತ್ತಿದ್ದೆ.

ಉಂಗುರವನ್ನು ಮೆಟ್ರೊ ಸ್ಟೇಷನ್ನಿನ ಕಸದ ಬುಟ್ಟಿಗೆ ಹಾಕಿದೆನೆಂದು ಅವನೇ ಹೇಳಿದ. ರಂಜಿತ್ ಬಾಬು ಬರೆದುಕೊಂಡು ಕೋಳ ಹಾಕಿದರು. ಶೆಫಾಲಿಗೆ, "ನೀನು ಹೋಗಬಹುದು," ಎಂದಷ್ಟೇ ಹೇಳಿದರು. ನಾನು ಅವಳ ಮುಂದೆ ಕೈ ಜೋಡಿಸಿದೆ. ಅವಳು ನನ್ನ ಕಡೆ ನೋಡಲೂ ಇಲ್ಲ. ಕುಂಟುತ್ತಾ ಜೀವನ್‌ನ ಎದುರು ಹೋಗಿ ನಿಂತಳು.

"ಮೊದಲ ದಿನ ನಾನೂ ನಿಮ್ಮ ಹಾಗೇ ಕುರ್ಚಿ ಎತ್ತಿದ್ದೆ," ಎಂದಳು ಹಿಂದಿಯಲ್ಲಿ. "ಮಾಸಿಮಾ ಮಗುವಿನ ಹಾಗೆ ಅತ್ತರು. ಮುಂದೆ ಬೀಳ್ತೀನಿ ಅಂತ ಹೆದರಿ ನನ್ನ ಕೈಗೆ ಉಗುರು ಊರಿದರು. ಅವತ್ತಿನಿಂದ ನಾನು ಎತ್ತಿಲ್ಲ. ನೀವು ಎತ್ತಿದಾಗ ಕೂಗಲಿಲ್ಲವಾ? ಅಡುಗೆಮನೆಗೆ ಯಾಕೆ ಕೇಳಿಸಲಿಲ್ಲ?"

ಜೀವನ್ ನೆಲ ನೋಡುತ್ತಿದ್ದ.

"ಕೂಗಲಿಲ್ಲ," ಎಂದ ಕನ್ನಡದಲ್ಲಿ. "ಗಟ್ಟಿಯಾಗಿ ಕಣ್ಣು ಮುಚ್ಕೊಂಡ್ಲು. ಹೆದರಿಕೆ ಆಗುತ್ತೇನಮ್ಮ ಅಂದೆ. ನೀನೇ ಹಿಡ್ಕೊಂಡಿದ್ದೀಯಲ್ಲ ಮಗಾ, ಇನ್ನೇನು ಹೆದರಿಕೆ ಅಂದ್ಲು."

ಶೆಫಾಲಿಗೆ ಆ ಮಾತು ಅರ್ಥವಾಗಲಿಲ್ಲ. ಏನೆಂದ ಎಂದು ನಮ್ಮೆಲ್ಲರ ಮುಖ ನೋಡಿದಳು. ಹೇಳಲು ನಮ್ಮಲ್ಲಿ ಯಾರಿಗೂ ಬಾಯಿ ಬರಲಿಲ್ಲ.