ಬಕೆಟ್ಟಿನ ಬದನೆಕಾಯಿ

ಲಾಲ್ ಅಹ್ಮದ್ ಬಾಯಿ ಮುಚ್ಚಿಕೊಂಡಿದ್ದರೆ ಶೈಲಶ್ರೀಗೆ ಆ ವಾರ ಅಷ್ಟು ಅಳು ಬರುತ್ತಿರಲಿಲ್ಲ. ಚಿತ್ತಾಪುರದ ಕೋರ್ಟಿನಲ್ಲಿ ಅವಳ ವಿಭಾಗದ ಜವಾನ, ಪಾಪ, ಹೊಗಳಲೆಂದೇ ಬಂದಿದ್ದ.

"ಮೇಡಂ, ನಿಮ್ಮ ಬದನಿಕಾಯಿ ತುಂಬಗಾಯಿ ನಮ್ಮ ಮನ್ಯಾಗ ಎಲ್ಲಾರಿಗೂ ಭಾಳ ಸೇರ್ಯಾವ್ರಿ. ಅಶೋಕ ಸರ್ ಹರ ಸಲ ಗಾಡ್ಯಾಗ ಡಬ್ಬಿ ನನ್ನ ಕೈಯಾಗ ಇಡ್ತಾರ."

ಹೇಳಿದವನು ಫೈಲು ಎತ್ತಿಕೊಂಡು ಹೋದ. ಅವಳು ಕೀಬೋರ್ಡಿನ ಮೇಲೆ ಬೆರಳಿಟ್ಟುಕೊಂಡು ಹಾಗೇ ಕೂತಳು.

ಅಶೋಕಕುಮಾರ ಎದುರು ಟೇಬಲ್ಲಿನವನು, ಲಾಲ್ ಅಹ್ಮದನ ಹಾಗೆ ಸೇಡಂನಿಂದ ರೈಲಿನಲ್ಲಿ ಬಂದು ಹೋಗುವವನು. ಅವಳನ್ನು ಕದ್ದು ನೋಡುವುದು, ಅವಳು ನೋಡಿದ ಕೂಡಲೇ ಗೋಡೆ ನೋಡುವುದು, ಇದರಲ್ಲೇ ವರ್ಷ ಕಳೆದಿದ್ದ. ಮಾತು ಮಾತ್ರ ಬಾಯಿಂದ ಬೀಳದು. ಅದಕ್ಕೇ ಈ ಶ್ರಾವಣದಿಂದ ಅವಳು ಬದನೆಕಾಯಿಯ ಮೊರೆ ಹೋಗಿದ್ದಳು.

ಮಾಳಿಗೆಯ ಮೇಲೆ ಹಳೆಯ ಪೇಂಟ್ ಬಕೆಟ್ಟುಗಳಲ್ಲಿ ಬೆಳೆಸಿದ ಗಿಡ್ಡ ಜಾತಿ ಅದು. ಗಿಡ ಮೊಣಕಾಲು ದಾಟುವುದಿಲ್ಲ, ಕಾಯಿ ನಿಂಬೆಹಣ್ಣಿಗಿಂತ ತುಸು ದೊಡ್ಡದು. ಬೀಜ ಕಡಿಮೆ, ಕಹಿಯಂತೂ ಇಲ್ಲವೇ ಇಲ್ಲ. ಹೆಚ್ಚಿ ಉಪ್ಪುನೀರಿನಲ್ಲಿ ಹಾಕಿಡುವ ಗೊಡವೆಯೂ ಬೇಡ. ಮೊದಲ ಹೂವುಗಳನ್ನು ಮನಸ್ಸು ಗಟ್ಟಿ ಮಾಡಿಕೊಂಡು ಚಿವುಟಿದ್ದಕ್ಕೆ ಗಿಡ ಟೊಂಗೆ ಒಡೆದು ಮೈತುಂಬ ಕಾಯಿ ಬಿಟ್ಟಿತ್ತು. ಶೇಂಗಾ, ಗುರೆಳ್ಳಿನ ಪುಡಿ ತುಂಬಿ ಸಣ್ಣ ಉರಿಯಲ್ಲಿ ಬೇಯಿಸಿ, ರಾತ್ರಿಯ ಊಟಕ್ಕೆಂದು ಸಂಜೆ ಅವನ ಕೈಗೆ ಡಬ್ಬಿ ಕೊಡುತ್ತಿದ್ದಳು. ಹೇಗಿತ್ತು ಎಂದು ಮರುದಿನ ಕೇಳಿದರೆ ಕಣ್ಣರಳಿಸಿ, ಭಾಳ ಛಲೋ ಇತ್ತರೀ ಅನ್ನುತ್ತಿದ್ದ.

ಹಸಿ ಸುಳ್ಳು. ಅವನಿಗೆ ಬೇಡವಾದದ್ದು ಬದನೆಕಾಯಿಯಲ್ಲ, ತಾನೇ ಎಂದು ಅವಳಿಗೆ ಖಾತ್ರಿಯಾಯಿತು. ಅಂದು ಮನೆಗೆ ಹೋದವಳೇ, ಚಿಂಚೋಳಿಯ ಗಂಡಿನವರು ಭಾನುವಾರ ನೋಡಲು ಬರಲಿ ಎಂದು ತಾಯಿ ಲಲಿತಾಬಾಯಿಗೆ ಹೇಳಿಬಿಟ್ಟಳು. ಅಶೋಕನ ಜೊತೆ ಮಾತು ಬಿಟ್ಟಳು. ಯಾಕೆಂಬುದು ಅವನಿಗೆ ತಿಳಿಯಲಿಲ್ಲ. ಭಾನುವಾರದ ಸುದ್ದಿ ಮಾತ್ರ ಲಾಲ್ ಅಹ್ಮದನಿಂದಲೇ ಮುಟ್ಟಿತು.

ಶನಿವಾರ ರಜೆ. ಬೆಳಿಗ್ಗೆ ಅವಳು ಗಿಡಗಳಿಗೆ ನೀರು ಹಾಕುತ್ತಿದ್ದಾಗ ಮಾಳಿಗೆಯ ಮೆಟ್ಟಿಲಲ್ಲಿ ಅವನೇ ನಿಂತಿದ್ದ. ಕೆಳಗೆ ಅವನ ತಂದೆ ಖಂಡಪ್ಪ, ಹಣೆ ತುಂಬ ಅರಿಶಿನದ ಭಂಡಾರ ಹಚ್ಚಿಕೊಂಡು, ಲಲಿತಾಬಾಯಿಯ ಜೊತೆ ಮಾತಾಡುತ್ತ ಕೂತಿದ್ದರು.

"ಇವತ್ತ ಚಂಪಾಷಷ್ಠಿ ಅದರಿ. ದೇವರಿಗೆ ಬದನಿಕಾಯಿ ಬೇಕಾಗ್ಯಾವ," ಎಂದ ಅಶೋಕ.

"ಯಾಕ, ಬಜಾರದಾಗ ಸಿಗಂಗಿಲ್ಲೇನು? ಇಲ್ಲಾ ಲಾಲ್ ಅಹ್ಮದಗ ಮತ್ತ ಬೇಕಾಗ್ಯಾವೋ?"

ಅವನ ಮುಖ ಕೆಂಪಾಯಿತು. ಆಮೇಲೆ ವರ್ಷದಿಂದ ಕಟ್ಟಿಟ್ಟಿದ್ದ ಮಾತನ್ನೆಲ್ಲ ಒಮ್ಮೆಲೇ ಬಿಚ್ಚಿದ. ಅವರು ಮೈಲಾರಲಿಂಗನ ಒಕ್ಕಲು. ಆಷಾಢದಲ್ಲಿ ಬದನೆಕಾಯಿ ತಿನ್ನುವುದನ್ನು ಬಿಟ್ಟರೆ, ಚಂಪಾಷಷ್ಠಿಯಂದು ದೇವರಿಗೆ ಎಡೆ ಹಿಡಿದ ಮೇಲೆಯೇ ಮನೆಯವರೆಲ್ಲ ಬಾಯಿಗಿಡುವುದು.

"ಮೊದಲೇ ಹೇಳ್ಲಿಕ್ಕ ಏನಾಗಿತ್ತು?"

"ಹೇಳಿದ್ರ ಡಬ್ಬಿ ತರೋದು ಬಿಡ್ತಿದ್ರಿ. ಡಬ್ಬಿ ಇಲ್ಲಂದ್ರ ಸಂಜೀಕ ನನ್ನ ಜೋಡಿ ಯಾಕ ನಿಂದರ್ತಿದ್ರಿ?" ಅವನು ಉಸಿರೆಳೆದುಕೊಂಡ. "ನೀವಂದ್ರ ನನಗ ಜೀವ ಅದರಿ. ನಾಳೆ ಅವರು ಬರೋದು ಬ್ಯಾಡ. ಅದಕ್ಕ ಅಪ್ಪನ್ನ ಕರ್ಕೊಂಡು ಬಂದೀನಿ."

ಶೈಲಶ್ರೀ ಗಿಡದ ಕಡೆ ತಿರುಗಿ ನಿಂತಳು. ವಾರದ ಭಾರವೆಲ್ಲ ಎದೆಯಿಂದ ಇಳಿದು, ಕಣ್ಣೀರೂ ನಗೆಯೂ ಕೂಡಿಯೇ ಬಂದವು. ಒಂದೊಂದೇ ಕಾಯಿ ಕೊಯ್ದು ಅವನ ಬೊಗಸೆಗೆ ಹಾಕಿದಳು.

"ಇನ್ನ ಮುಂದ ನನ್ನ ಹಂತ್ಯಾಕ ಸುಳ್ಳ ಹೇಳಬಾರದು ನೋಡ್ರಿ."

"ಇಲ್ರಿ."

ಕೆಳಗೆ ಹಿರಿಯರ ಮಾತೂ ಕುದುರಿತ್ತು. ಮಗಳ ಮುಖ ನೋಡಿದ ಲಲಿತಾಬಾಯಿ ಬೇರೇನೂ ಕೇಳದೆ ಚಿಂಚೋಳಿಗೆ ಫೋನ್ ಹಚ್ಚಿದರು. ಎಡೆ ಇಲ್ಲೇ ಆಗಲಿ ಎಂದರು ಖಂಡಪ್ಪ. ಶೈಲಶ್ರೀ ಕಾಯಿಗಳನ್ನು ಕೆಂಡದಲ್ಲಿ ಸುಟ್ಟು, ಸಿಪ್ಪೆ ತೆಗೆದು, ಉಳ್ಳಾಗಡ್ಡಿ ಹಾಕಿ ಭರ್ತಾ ಮಾಡಿದಳು. ದೇವರ ಅಡುಗೆ, ರುಚಿ ನೋಡುವಂತಿಲ್ಲ; ಉಪ್ಪು ಅಂದಾಜಿನ ಮೇಲೆ ಬಿತ್ತು.

ಖಂಡಪ್ಪ ಏಳುಕೋಟಿ ಎಂದು ಕೂಗಿ ಎಡೆ ಹಿಡಿದ ಮೇಲೆ, ಅಶೋಕ ಸಜ್ಜೆ ರೊಟ್ಟಿ ಮುರಿದು ಮೊದಲ ತುತ್ತು ಬಾಯಿಗಿಟ್ಟ. ಅವಳು ಅಡುಗೆಮನೆಯ ಬಾಗಿಲಲ್ಲಿ ಉಸಿರು ಹಿಡಿದು ನಿಂತಿದ್ದಳು.

"ಹ್ಯಾಂಗ ಅದ?"

ಅವನು ನಿಧಾನವಾಗಿ ಅಗಿದು ನುಂಗಿದ. ನೇರವಾಗಿ ಅವಳ ಕಣ್ಣಿನಲ್ಲಿ ಕಣ್ಣಿಟ್ಟ.

"ಉಪ್ಪು ಕಮ್ಮಿ ಆಗ್ಯಾದರಿ."

ಲಲಿತಾಬಾಯಿ ಗಾಬರಿಯಾಗಿ ಮಗಳ ಕಡೆ ನೋಡಿದರು. ಶೈಲಶ್ರೀ ನಗುತ್ತ ಉಪ್ಪಿನ ಬಟ್ಟಲು ತಂದು ಅವನ ಪಕ್ಕದಲ್ಲೇ ಊಟಕ್ಕೆ ಕೂತಳು.