ಎರಡು ಮೆಚ್ಚುಗೆ, ಒಂದು ಸಲಹೆ

ಪುಣೆಯ ಶಿವಾಜಿನಗರದ ಕನ್ನಡ ಶಾಲೆಯೊಂದಕ್ಕೆ ಬಿ.ಎಡ್. ತರಬೇತಿಗೆ ಬಂದಿದ್ದ ಕೇದಾರ, ಆರನೇ ಕ್ಲಾಸಿನ ನಡುವೆ ಎದ್ದು ನಿಂತು, ತನ್ನ ಜೊತೆಗೇ ತರಬೇತಿಯಲ್ಲಿದ್ದ ಶೈಲಾ ಪಾಠ ಮಾಡುವಾಗ ಯಾವ ಕಡೆ ಮುಖ ಮಾಡುತ್ತಾಳೆಂಬ ಬಗ್ಗೆ ಅಭಿಪ್ರಾಯ ಕೊಟ್ಟ ದಿನವನ್ನು ಇತಿಹಾಸಕಾರರು ಹಗುರವಾಗಿ ತೆಗೆದುಕೊಳ್ಳಬಾರದು. ಇದಕ್ಕಿಂತ ಸಣ್ಣ ಕಾರಣಕ್ಕೆ ರಾಜ್ಯಗಳು ಉರುಳಿವೆ.

"ಅವ್ರು ಬೋರ್ಡಿನ ಜೋಡಿ ಭಾಳ ಚಂದ ಮಾತಾಡ್ತಾರ್ರಿ. ನಡುನಡುವ ಮಕ್ಕಳ ಜೋಡಿನೂ ಮಾತಾಡಿದ್ರ ಚಲೋ."

ಇಡೀ ಕ್ಲಾಸು ನಕ್ಕಿತು.

ಹಿರಿಯ ಶಿಕ್ಷಕಿ ಚನ್ನಬಸವ್ವ ಅಕ್ಕೋರ ಪದ್ಧತಿ ಅದು. ಪಾಠ ಮಾಡಿದವರು ಮೊದಲು ತಮ್ಮನ್ನು ತಾವೇ ತೂಗಿಕೊಳ್ಳಬೇಕು. ಆಮೇಲೆ ಜೊತೆಗಾರರು ಎರಡು ಮೆಚ್ಚುಗೆ, ಒಂದು ಸಲಹೆ ಹೇಳಬೇಕು. ಅದನ್ನು ನೋಡಿ ಮಕ್ಕಳೂ ಒಬ್ಬರ ಕೆಲಸವನ್ನೊಬ್ಬರು ಜಗಳವಿಲ್ಲದೆ ತೂಗಲು ಕಲಿಯುತ್ತಾರೆಂದು ಅಕ್ಕೋರು ನಂಬಿದ್ದರು.

ಶೈಲಾ ಕಲಿತದ್ದು ಬೇರೆ. ಹೋದ ಮಾನ ಇದೇ ಕ್ಲಾಸಿನ ಮುಂದೆ ವಾಪಸು ಬರಬೇಕು.

"ಚಹಾ ಕುಡೀತೀರೇನ್ರಿ?" ಎಂದು ಕೇದಾರ ಮರುದಿನ ಕೇಳಿದ.

"ನಿಮ್ಮ ಪಾಠ ಆಗ್ಲಿ. ಆಮ್ಯಾಲ ನಿಮಗ ಬೇಕಾಗ್ತದ."

ಅವನು ನಕ್ಕ. ಎಡಗೆನ್ನೆಯಲ್ಲಿ ಗುಳಿ ಬಿತ್ತು. ಅದನ್ನೂ ಅವಳು ಅವನ ಅಪರಾಧಗಳಿಗೆ ಸೇರಿಸಿಕೊಂಡಳು.

ಸೋಮವಾರ ಅವನ ಸರದಿ: ಭಿನ್ನರಾಶಿ. ಲೋಣಾವಳಾ ಚಿಕ್ಕಿ ಮುರಿದು ಹಂಚಿ ಕಲಿಸಿದ. ಕೊನೆಯ ಬೆಂಚಿನಲ್ಲಿ ಕೂತ ಶೈಲಾ ಒಂದೊಂದೇ ಬಾಣ ಮಸೆದಿಟ್ಟುಕೊಂಡಳು.

"ತುಂಡು ಸಮ ಮುರೀಲಿಲ್ರಿ," ಎಂದು ಪಾಠ ಮುಗಿಸಿ ಅವನೇ ಶುರುಮಾಡಿದ. "ಕಿಟಕಿ ಸಾಲಿಗೆ ಒಂದೂ ಪ್ರಶ್ನೆ ಕೇಳಲಿಲ್ಲ. ಕಡೀಕ ಅವಸರ ಮಾಡಿದೆ."

ಅವಳ ಬಾಣಗಳನ್ನೆಲ್ಲ ಅವನೇ ಕಿತ್ತುಕೊಂಡು ತನಗೆ ಚುಚ್ಚಿಕೊಂಡಿದ್ದ. ಇದೆಂಥ ಮೋಸ!

ಶೈಲಾ ಎದ್ದಳು. "ನನ್ನ ಸಲಹೆ ಏನಂದ್ರ..."

"ಮೊದಲ ಎರಡು ಚಲೋದು ಹೇಳ್ಬೇಕ್ರಿ ಟೀಚರ್!" ಎಂದಳು ಮುಂದಿನ ಬೆಂಚಿನ ಮಾಯಾ.

ಅದಕ್ಕೆ ತಯಾರಿಯೇ ಇರಲಿಲ್ಲ. "ತಪ್ಪು ಉತ್ತರಾನೂ ಪೂರ್ತಿ ಕೇಳ್ತಾರ," ಎಂದಳು ಹಲ್ಲು ಕಚ್ಚಿ. "ಮತ್ತ... ನಕ್ಕರ ಚಂದ ಕಾಣ್ತಾರ."

ಕ್ಲಾಸು "ಓ" ಎಂದಿತು. ಶೈಲಾಳಿಗೆ ಸಿಟ್ಟು ನೆತ್ತಿಗೇರಿತು.

"ಈಗ ಸಲಹೆ! ಇಡೀ ತಾಸು ಕೊನೇ ಬೆಂಚ್ ಒಂದನ್ನೇ ನೋಡ್ಕೋತ ಪಾಠ ಮಾಡಿದ್ರು. ಅದೊಂದು ಮಾತ್ರ ಮುಚ್ಚಿಟ್ರು. ಏನಿತ್ತಂತ ಅಲ್ಲಿ?"

"ನೀವೇ ಇದ್ರಲ್ರೀ ಟೀಚರ್," ಎಂದಳು ಮಾಯಾ.

ಅಕ್ಕೋರು ಕನ್ನಡಕ ಸರಿಮಾಡಿಕೊಂಡರು. "ಕೇದಾರ, ತಪ್ಪು ಒಪ್ಕೋತೀಯೇನಪಾ?"

ಅವನ ಕಿವಿ ಕೆಂಪಾಗಿತ್ತು. ಕಣ್ಣು ಮಾತ್ರ ಶೈಲಾಳನ್ನು ಬಿಟ್ಟು ಸರಿಯಲಿಲ್ಲ.

"ಒಪ್ಕೋತೀನ್ರಿ ಅಕ್ಕೋರ. ತಿದ್ಕೊಳ್ಳೂದು ಆಗೂದಿಲ್ರಿ."

ಇಂಥವನ ಮೇಲೆ ಸೇಡು ತೀರಿಸಿಕೊಳ್ಳಲು ಒಂದು ತಾಸು ಸಾಲದೆಂದು ಶೈಲಾಳಿಗೆ ಖಾತ್ರಿಯಾಯಿತು. ದೀಪಾವಳಿ ಮುಗಿದ ಮೇಲೆ, ಅವಳ ತವರಾದ ದೌಂಡದಲ್ಲಿ, ಇಬ್ಬರ ಮದುವೆಯಾಯಿತು.